ತಂತ್ರಾಂಶ ಕೊಳ್ಳುವ ಮುನ್ನ ಬರೆಯಬೇಕಾದ ಕಾಗದ

ದೀಪಾವಳಿಯ ಲಕ್ಷ್ಮೀಪೂಜೆಗೆ ಕಕ್ಷಿದಾರರ ಅಂಗಡಿಗಳಿಗೆ ಹೋಗಿಬರುವ ರೂಢಿಯನ್ನು ನಾನು ಈಗಲೂ ಬಿಟ್ಟಿಲ್ಲ. ಮೊದಲೆಲ್ಲ ಕೆಂಪು ರಟ್ಟಿನ ಕಿರ್ದಿ ಹಾಗೂ ಖಾತೆ ಪುಸ್ತಕಗಳಿಗೆ ಅರಿಶಿನ-ಕುಂಕುಮ ಹಚ್ಚಿ, ಮೊದಲ ಪುಟದಲ್ಲಿ ಶ್ರೀಕಾರ ಬರೆದು ಪೂಜೆ ಮಾಡುತ್ತಿದ್ದರು. ಈಗ ಗಣಕಯಂತ್ರಕ್ಕೂ ಒಂದು ಹೂವಿನ ಮಾಲೆ ಬೀಳುತ್ತದೆ. ಇತ್ತೀಚಿನ ಒಂದು ದೀಪಾವಳಿಯಲ್ಲಿ ಹೀಗೆ ಮಾಲೆ ಹಾಕಿಸಿಕೊಂಡಿದ್ದ ಗಣಕಯಂತ್ರದ ಪಕ್ಕದಲ್ಲೇ ವಯಸ್ಸಾದ ಗುಮಾಸ್ತರೊಬ್ಬರು ಕೈಬರಹದಲ್ಲಿ ಕಿರ್ದಿ ಬರೆಯುತ್ತಿದ್ದುದನ್ನು ಕಂಡೆ. ಎರಡೆರಡು ಲೆಕ್ಕ ಏಕೆಂದು ಕೇಳಿದೆ. “ಅದು ಟ್ಯಾಕ್ಸಿನವರಿಗೆ ಸಾಹೇಬ್ರ, ಇದು ನಮಗ” ಎಂದರು.

ಈ ಮಾತಿನಲ್ಲಿ ಲೆಕ್ಕಪರಿಶೋಧಕನು ಬೆಚ್ಚಿಬೀಳಬೇಕಾದ ಅರ್ಥವೂ ಒಂದಿದೆ. ಅದನ್ನು ಮುಂದೆ ಪ್ರಸ್ತಾಪಿಸುತ್ತೇನೆ. ಆದರೆ ಆ ಗುಮಾಸ್ತರು ಹೇಳಿದ್ದು ಸರಳವಾದ ಸಂಗತಿ. ಅಂಗಡಿಯವರು ಹಣ ಕೊಟ್ಟು ತಂದ ತಂತ್ರಾಂಶವು ತೆರಿಗೆಯ ವಿವರಪಟ್ಟಿ ಸಲ್ಲಿಸಲು ನೆರವಾಗುತ್ತಿತ್ತೇ ಹೊರತು ಅಂಗಡಿ ನಡೆಸಲು ನೆರವಾಗುತ್ತಿರಲಿಲ್ಲ. ಯಾವ ರೈತನಿಗೆ ಎಷ್ಟು ಮುಂಗಡ ಹೋಗಿದೆ, ಯಾವ ಲಾಟಿನ ದರ ಇನ್ನೂ ನಿಗದಿಯಾಗಿಲ್ಲ, ಹಮಾಲರ ವಾರದ ಲೆಕ್ಕವೆಷ್ಟು ಎಂಬ ಪ್ರಶ್ನೆಗಳಿಗೆ ಉತ್ತರ ಇನ್ನೂ ಕೆಂಪು ಪುಸ್ತಕದಲ್ಲೇ ಇತ್ತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ವರ್ತಕ ಬಂಧುಗಳು ಹಾಗೂ ಸಣ್ಣ ಕೈಗಾರಿಕೆಗಳ ಮಾಲೀಕರು ತಂತ್ರಾಂಶಕ್ಕಾಗಿ ಸುರಿದ ಹಣ ಕಡಿಮೆಯೇನಲ್ಲ. ಗೋದಾಮು ಕಟ್ಟಿಸುವಾಗ ನಾವು ಮೊದಲು ನಕ್ಷೆ ಕೇಳುತ್ತೇವೆ. ಲಾರಿ ಎಲ್ಲಿಂದ ಒಳಬರಬೇಕು, ಮಳೆನೀರು ಎತ್ತ ಹರಿಯಬೇಕು ಎಂದು ಮೇಸ್ತ್ರಿಯೊಡನೆ ನಿಂತು ಚರ್ಚಿಸುತ್ತೇವೆ. ತಂತ್ರಾಂಶದ ವಿಷಯದಲ್ಲಿ ಮಾತ್ರ ಬೆಲೆಯೊಂದನ್ನೇ ಕೇಳುತ್ತೇವೆ. ನಮಗೆ ಬೇಕಾದುದೇನು ಎಂಬುದನ್ನು ಮಾರುವವನು ಬರುವ ಮುನ್ನವೇ, ನಮ್ಮದೇ ವ್ಯಾಪಾರದ ಮಾತುಗಳಲ್ಲಿ, ಮಾಲೀಕರೂ ಗುಮಾಸ್ತರೂ ಒಟ್ಟಿಗೆ ಕುಳಿತು ಕಾಗದದ ಮೇಲೆ ಬರೆಯಬೇಕು ಎಂಬುದು ಈ ಲೇಖನದ ವಾದ. ತಂತ್ರಾಂಶ ಕ್ಷೇತ್ರದವರು ಇದನ್ನು ಅವಶ್ಯಕತೆಗಳ ವಿಶ್ಲೇಷಣೆ ಮತ್ತು ನಿರೂಪಣೆ ಎಂದು ಕರೆಯುತ್ತಾರೆ. ನಾವು ಬೇಡಿಕೆ ಪತ್ರ ಎಂದು ಕರೆಯೋಣ.

‘ನಮ್ಮ ವಾಡಿಕೆಯಂತೆ’ ಎಂಬ ಎರಡು ಪದಗಳು

ಈ ವಾದ ನನಗೆ ಪುಸ್ತಕದಿಂದ ಬಂದುದಲ್ಲ, ತಪ್ಪಿನಿಂದ ಬಂದುದು. 2012ರಲ್ಲಿ ನನ್ನ ಕಕ್ಷಿದಾರರಾದ ಎಣ್ಣೆ ಗಿರಣಿಯ ಮಾಲೀಕರೊಬ್ಬರು ಗಿರಣಿಯ ಸಂಪೂರ್ಣ ಗಣಕೀಕರಣಕ್ಕೆ ಮನಸ್ಸು ಮಾಡಿದರು. ದೊಡ್ಡ ನಗರದ ಸಂಸ್ಥೆಯೊಂದು 3.5 ಲಕ್ಷ ರೂಪಾಯಿಗೆ ಒಪ್ಪಿಕೊಂಡಿತು. ಆದೇಶ ಪತ್ರವನ್ನು ಸಿದ್ಧಪಡಿಸಿದವನು ನಾನೇ. ಅದು ಒಂದೇ ಪುಟ. ಖರೀದಿ, ಮಾರಾಟ, ದಾಸ್ತಾನು, ಲೆಕ್ಕಪತ್ರ, ಮೌಲ್ಯವರ್ಧಿತ ತೆರಿಗೆಯ ವಿವರಪಟ್ಟಿ ಎಂದು ಐದು ಬಾಬುಗಳನ್ನು ಬರೆದು, ಕೊನೆಯಲ್ಲಿ “ಮೇಲ್ಕಂಡ ಎಲ್ಲವೂ ನಮ್ಮ ವಾಡಿಕೆಯಂತೆ ಇರತಕ್ಕದ್ದು” ಎಂದು ಸೇರಿಸಿದ್ದೆ. ಈ ಸಾಲು ನಮ್ಮನ್ನು ಕಾಪಾಡುತ್ತದೆ ಎಂಬ ಹೆಮ್ಮೆಯೂ ನನಗಿತ್ತು.

ದೀಪಾವಳಿ ಕಳೆದು ಶೇಂಗಾ ಆವಕ ಏರತೊಡಗಿದಾಗ ತಂತ್ರಾಂಶ ಚಾಲನೆಗೆ ಬಂತು. ನಮ್ಮ ಕಡೆಯ ವಾಡಿಕೆ ಓದುಗರಿಗೆ ತಿಳಿದೇ ಇದೆ. ಟ್ರ್ಯಾಕ್ಟರ್ ಗೇಟಿಗೆ ಬಂದೊಡನೆ ತೂಕವಾಗುತ್ತದೆ, ಮಾದರಿ ತೆಗೆಯುತ್ತಾರೆ, ಮಣ್ಣು-ಕಲ್ಲು ಎಷ್ಟಿದೆ, ತೇವ ಎಷ್ಟಿದೆ ಎಂದು ನೋಡುತ್ತಾರೆ. ದರ ನಿಗದಿಯಾಗುವುದು ಸಂಜೆಗೆ, ಕೆಲವೊಮ್ಮೆ ಮರುದಿನ. ತಂತ್ರಾಂಶವೋ ದರವನ್ನು ನಮೂದಿಸದೆ ಆವಕದ ಚೀಟಿಯನ್ನೇ ಮುದ್ರಿಸದು. ಗೇಟಿನಲ್ಲಿ ಸಾಲುಗಟ್ಟಿದ ಟ್ರ್ಯಾಕ್ಟರುಗಳನ್ನು ಕಂಡು ಗಾಬರಿಯಾದ ಹುಡುಗನು ದರದ ಜಾಗದಲ್ಲಿ 1 ರೂಪಾಯಿ ಎಂದು ತುಂಬಿ ಚೀಟಿ ಹೊರಡಿಸಿದ. ಸಂಜೆ ಸರಿಪಡಿಸಿದರಾಯಿತು ಎಂಬುದು ಅವನ ಎಣಿಕೆ. ಕೆಲವನ್ನು ಸರಿಪಡಿಸಿದ, ಕೆಲವು ಉಳಿದವು. ತಿಂಗಳ ಕೊನೆಗೆ ಗಿರಣಿಯ ಅಂಗಳದಲ್ಲಿ ರಾಶಿ ಬಿದ್ದಿದ್ದ ಶೇಂಗಾದ ಒಂದು ಭಾಗವು ಪುಸ್ತಕದಲ್ಲಿ ಕ್ವಿಂಟಲಿಗೆ 1 ರೂಪಾಯಿಯಂತೆ ಕುಳಿತಿತ್ತು.

ಮುಂದಿನ ತೊಡಕು ಗಾಣದ ಮನೆಯಲ್ಲಿ. ನೂರು ಕಿಲೋ ಕಾಯಿ ಒಡೆದರೆ ಸುಮಾರು 70 ಕಿಲೋ ಬೀಜ ಬರುತ್ತದೆ, ಉಳಿದುದು ಸಿಪ್ಪೆ. ಬೀಜದಿಂದ ಎಣ್ಣೆ ಒಂದು ಕಡೆ, ಹಿಂಡಿ ಮತ್ತೊಂದು ಕಡೆ. ಈ ನಾಲ್ಕಕ್ಕೂ ಗಿರಾಕಿ ಬೇರೆ, ಬೆಲೆ ಬೇರೆ. ತಂತ್ರಾಂಶಕ್ಕೆ ತಿಳಿದಿದ್ದುದು ಒಂದು ಮಾಲು ಒಳಗೆ ಹೋದರೆ ಒಂದು ಮಾಲು ಹೊರಗೆ ಬರುತ್ತದೆ ಎಂಬುದಷ್ಟೆ. ಹೀಗಾಗಿ ಎಣ್ಣೆಯಾಗದೆ ಉಳಿದ ಇಡೀ ತೂಕ ನಷ್ಟವೆಂದು ದಾಖಲಾಯಿತು. ಹಿಂಡಿಯನ್ನು ಮಾರಿದಾಗ ‘ದಾಸ್ತಾನಿನಲ್ಲಿ ಇಲ್ಲದ ಮಾಲು’ ಎಂದು ಯಂತ್ರ ತಕರಾರು ತೆಗೆಯಿತು.

ಇವೆಲ್ಲ ನಗೆಯಲ್ಲಿ ಮುಗಿಯಬಹುದಿತ್ತು. ಆದರೆ ಅದೇ ತಿಂಗಳ ದಾಸ್ತಾನು ವಿವರಪಟ್ಟಿ ಯಂತ್ರದಿಂದ ನೇರವಾಗಿ ಬ್ಯಾಂಕಿಗೆ ಹೋಯಿತು. ದಾಸ್ತಾನಿನ ಮೌಲ್ಯ ಇಳಿದುದರಿಂದ ಕ್ಯಾಶ್ ಕ್ರೆಡಿಟ್ ಖಾತೆಯಲ್ಲಿ ಹಣ ತೆಗೆಯುವ ಮಿತಿಯೂ ಇಳಿಯಿತು. ಸುಗ್ಗಿಯ ಉಚ್ಛ್ರಾಯ ಕಾಲದಲ್ಲಿ, ರೈತರು ಹಣಕ್ಕಾಗಿ ಗದ್ದಿಗೆಯ ಮುಂದೆ ಕುಳಿತಿರುವಾಗ, ಮಾಲೀಕರು ಹೊರಗಿನ ಬಡ್ಡಿಗೆ ಸಾಲ ತಂದು ಪಟ್ಟಿ ತೀರಿಸಿದರು. ನಾವು ಬ್ಯಾಂಕಿಗೆ ತಿದ್ದುಪಡಿ ವಿವರ ಕೊಟ್ಟು ಮಿತಿಯನ್ನು ಮರಳಿ ಪಡೆಯುವ ಹೊತ್ತಿಗೆ ಸಂಕ್ರಾಂತಿ ಬಂದಿತ್ತು. ತಂತ್ರಾಂಶದ ಬೆಲೆಗಿಂತ ಆ ಬಡ್ಡಿಯ ನೆನಪೇ ಅವರಿಗೆ ಇಂದಿಗೂ ಕಹಿ.

ನಾನು ಕೋಪದಿಂದಲೇ ಸಂಸ್ಥೆಯವರಿಗೆ ದೂರವಾಣಿ ಮಾಡಿದೆ. ಆ ಕಡೆಯ ಯುವಕ ಶಾಂತವಾಗಿ ಉತ್ತರಿಸಿದ: “ಸರ್, ಇದು ನಿಮ್ಮ ಪತ್ರದಲ್ಲಿ ಇಲ್ಲ. ಬೇಕಿದ್ದರೆ ಮಾಡಿಕೊಡುತ್ತೇವೆ, ಅದಕ್ಕೆ ಪ್ರತ್ಯೇಕ ಶುಲ್ಕವಾಗುತ್ತದೆ.” ಪತ್ರವನ್ನು ತೆಗೆದು ನೋಡಿದೆ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ‘ನಮ್ಮ ವಾಡಿಕೆ’ ಏನೆಂದು ನಾವು ಅವನಿಗೆ ಹೇಳಿರಲಿಲ್ಲ, ಅವನು ಕೇಳಿರಲೂ ಇಲ್ಲ. ಎರಡು ಪಕ್ಷಗಳೂ ಆ ಎರಡು ಪದಗಳ ಹಿಂದೆ ಅಡಗಿ ಕುಳಿತಿದ್ದೆವು.

ಚೀಲದ ಹಿಂದೆ ನಡೆಯುವುದು

ಅದೇ ಗಿರಣಿಯಲ್ಲಿ 2018ರಲ್ಲಿ ಎರಡನೆಯ ಪ್ರಯತ್ನಕ್ಕೆ ಕೈ ಹಾಕಿದಾಗ ನಾನು ಮೂರು ದಿನ ಗೇಟಿನ ಬಳಿ ಕುಳಿತೆ. ಪ್ರಶ್ನೆ ಕೇಳಿದರೆ ಉತ್ತರ ಬರುತ್ತಿರಲಿಲ್ಲ. “ಅದು ಎಲ್ಲಾರ್ಗೂ ಗೊತ್ತೈತಲ್ರಿ ಸಾಹೇಬ್ರ, ಬರಿಯೋದೇನೈತಿ?” ಎಂಬುದೇ ಹಿರಿಯ ಗುಮಾಸ್ತರ ಉತ್ತರ. ಗೊತ್ತಿರುವುದನ್ನು ಬಾಯಿಬಿಟ್ಟು ಹೇಳಿಸುವುದೇ ಈ ಕೆಲಸದ ಕಷ್ಟ. ಮೂವತ್ತು ವರ್ಷ ಮಾಡಿದ ಕೆಲಸ ಕೈಗೆ ಇಳಿದಿರುತ್ತದೆ, ನಾಲಿಗೆಗೆ ಬಾರದು. ಆದ್ದರಿಂದ ಪ್ರಶ್ನೆಗಳನ್ನು ಬಿಟ್ಟು, ಗೇಟಿನೊಳಗೆ ಬಂದ ಒಂದು ಚೀಲವನ್ನು ಹಿಡಿದು ಅದರ ಹಿಂದೆಯೇ ನಡೆದೆ. ಅದು ನಿಂತಲ್ಲೆಲ್ಲ ಹುಟ್ಟಿದ ಚೀಟಿಯ ಒಂದು ಪ್ರತಿ ಇಟ್ಟುಕೊಂಡೆ. ಪ್ರತಿ ಹೆಜ್ಜೆಯಲ್ಲಿ “ಆಮೇಲೆ?” ಎಂದು ಕೇಳಿದೆ, ಮತ್ತು “ಹಾಗಾಗದಿದ್ದರೆ?” ಎಂದೂ ಕೇಳಿದೆ.

ಈ ಎರಡನೆಯ ಪ್ರಶ್ನೆಯಲ್ಲೇ ನಿಜವಾದ ವ್ಯಾಪಾರವಿರುವುದು. ದರ ಒಪ್ಪದೆ ರೈತನು ಮಾಲನ್ನು ಮರಳಿ ಒಯ್ದರೆ? ತೂಕ ಒಬ್ಬನ ಹೆಸರಿನಲ್ಲಿ ಆಗಿ ಹಣ ಅಣ್ಣನ ಖಾತೆಗೆ ಹೋಗಬೇಕೆಂದರೆ? ಬಿತ್ತನೆಗೆಂದು ಜೂನ್ ತಿಂಗಳಲ್ಲಿ ಕೊಟ್ಟ ಮುಂಗಡವನ್ನು ಮೊದಲ ಪಟ್ಟಿಯಲ್ಲೇ ಮುರಿಯಬೇಕೇ, ಎರಡು ಕಂತಿನಲ್ಲಿ ಮುರಿಯಬೇಕೇ? ಮಗಳ ಮದುವೆಯವರೆಗೆ ಹಣ ನಿಮ್ಮಲ್ಲೇ ಇರಲಿ ಎಂದು ರೈತ ಬಿಟ್ಟುಹೋದರೆ? (ಇದು ಲೆಕ್ಕದಲ್ಲಿ ಏನಾಗುತ್ತದೆ, ಅದಕ್ಕೆ ಕಾನೂನು ಏನೆನ್ನುತ್ತದೆ ಎಂಬುದನ್ನು ಇನ್ನೊಂದು ಲೇಖನದಲ್ಲಿ ಬರೆಯುವೆ. ಹಲವರಿಗೆ ಅದು ಸಿಹಿಯಾಗಲಾರದು.) ಇಂಥವೆಲ್ಲ ವರ್ಷಕ್ಕೊಮ್ಮೆ ಬರುವ ಅಪವಾದಗಳೆಂದು ಮಾಲೀಕರು ತಿಳಿದಿದ್ದರು. ಚೀಟಿಗಳನ್ನು ಎದುರಿಗೆ ಹರವಿ ನೋಡಿದಾಗ ಅಪವಾದವಿಲ್ಲದ ದಿನವೇ ಇರಲಿಲ್ಲ.

ಬರೆಯುವ ಬಗೆಯ ಕುರಿತೂ ಒಂದು ಮಾತು. ‘ತಂತ್ರಾಂಶವು ವೇಗವಾಗಿರಬೇಕು, ಬಳಸಲು ಸುಲಭವಾಗಿರಬೇಕು’ ಎಂದು ಬರೆದ ಪತ್ರಗಳನ್ನು ಬಹಳ ನೋಡಿದ್ದೇನೆ. ಇದರಿಂದ ಪ್ರಯೋಜನವಿಲ್ಲ. ಕೊಟ್ಟದ್ದು ವೇಗವಾಗಿದೆಯೋ ಇಲ್ಲವೋ ಎಂಬುದನ್ನು ಯಾವ ಪಂಚಾಯಿತಿಯಲ್ಲಿ ತೀರ್ಮಾನಿಸುವುದು? ಎರಡನೆಯ ಬಾರಿ ನಾವು ಬರೆದ ಬಾಬುಗಳಲ್ಲಿ ಒಂದು ಹೀಗಿತ್ತು: “ಗೇಟಿನಲ್ಲಿ ತೂಕವಾದ ಮಾಲಿಗೆ ದರ ನಿಗದಿಯಾಗದಿದ್ದರೂ ಆವಕದ ಚೀಟಿ ಮುದ್ರಣವಾಗಬೇಕು. ದರ ನಮೂದಾಗುವವರೆಗೆ ಆ ಮಾಲು ದಾಸ್ತಾನಿನಲ್ಲಿ ತೂಕವಾಗಿ ಮಾತ್ರ ಕಾಣಬೇಕು, ‘ದರ ಬಾಕಿ’ ಎಂದು ಪ್ರತ್ಯೇಕವಾಗಿ ಇರಬೇಕು. ಮೂರನೆಯ ದಿನವೂ ದರ ನಮೂದಾಗದ ಚೀಟಿಗಳ ಪಟ್ಟಿ ಬೆಳಿಗ್ಗೆ ಮಾಲೀಕರಿಗೆ ತಾನಾಗಿ ಕಾಣಬೇಕು.” ಇದನ್ನು ಗುಮಾಸ್ತರೂ ಓದಿ ಅರ್ಥಮಾಡಿಕೊಂಡರು, ತಂತ್ರಾಂಶ ಬರೆಯುವವನೂ ಅರ್ಥಮಾಡಿಕೊಂಡ. ಕೆಲಸ ಮುಗಿದ ದಿನ ಒಂದು ಚೀಟಿ ಹಾಕಿ ನೋಡಿದರೆ ಆಗಿದೆಯೋ ಇಲ್ಲವೋ ಎಂಬುದು ಎರಡು ನಿಮಿಷದಲ್ಲಿ ತಿಳಿಯಿತು. ಅಮೆರಿಕದ ಎಂಜಿನಿಯರುಗಳ ಸಂಸ್ಥೆಯಾದ ಐಇಇಇ 1998ರಲ್ಲಿ ಹೊರತಂದ 830 ಸಂಖ್ಯೆಯ ಮಾರ್ಗದರ್ಶಿಯೂ ಬೇಡಿಕೆಗಳು ಎರಡರ್ಥಕ್ಕೆ ಎಡೆಗೊಡದೆ ಪರೀಕ್ಷೆಗೆ ಒಳಪಡುವಂತಿರಬೇಕು, ಮಹತ್ವಕ್ಕೆ ತಕ್ಕಂತೆ ಶ್ರೇಣೀಕೃತವಾಗಿರಬೇಕು ಎಂದಿತ್ತು. 2011ರಲ್ಲಿ ಅದರ ಸ್ಥಾನಕ್ಕೆ ಬೇರೊಂದು ಅಂತರರಾಷ್ಟ್ರೀಯ ಮಾನದಂಡ ಬಂದಿದೆ, ಆದರೆ ಈ ಮಾತುಗಳು ಹಳತಾಗಿಲ್ಲ.

ಪತ್ರ ದಪ್ಪವಾದಷ್ಟೂ ಒಳ್ಳೆಯದೆಂದು ಯಾರೂ ತಿಳಿಯಬಾರದು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ತನ್ನ ಕಡತಗಳ ನಿರ್ವಹಣೆಗೆ ಮಾಡಿಸಿದ ತಂತ್ರಾಂಶಕ್ಕೆ 800ಕ್ಕೂ ಹೆಚ್ಚು ಪುಟಗಳ ಬೇಡಿಕೆ ಪತ್ರವಿತ್ತು. ನಡುನಡುವೆ ಬೇಡಿಕೆಗಳು ಬದಲಾಗುತ್ತಲೇ ಹೋದವು. ಸುಮಾರು 17 ಕೋಟಿ ಡಾಲರ್ ವ್ಯಯಿಸಿದ ಮೇಲೆ 2005ರಲ್ಲಿ ಆ ಯೋಜನೆಯನ್ನೇ ಕೈಬಿಡಬೇಕಾಯಿತು. ನಮ್ಮ ಗಿರಣಿಯ ಎರಡನೆಯ ಪತ್ರ 14 ಪುಟ. ಅದರಲ್ಲಿ ಆರು ಪುಟ ಚೀಟಿಗಳ ನಕಲುಗಳೇ.

ಊರು ಕದಲಲಿಲ್ಲ, ವಿಳಾಸ ಬದಲಾಯಿತು

ಇಂದು ಇರುವುದನ್ನು ಬರೆದರೆ ಸಾಲದು, ನಾಳೆ ಬದಲಾಗಬಹುದಾದ ಸಂಗತಿ ಯಾವುದೆಂದೂ ಬರೆಯಬೇಕು. ನಮ್ಮ ಹರಪನಹಳ್ಳಿಯವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. 1997ರಲ್ಲಿ ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. ಎರಡು ದಶಕ ಕಳೆದ ಮೇಲೆ ಮರಳಿ ಬಳ್ಳಾರಿಗೆ ಬಂತು. 2021ರಲ್ಲಿ ಉಳಿದ ನಾಲ್ಕು ತಾಲ್ಲೂಕುಗಳ ಜೊತೆಗೆ ವಿಜಯನಗರ ಜಿಲ್ಲೆಗೆ ಸೇರಿತು. ನಡುವೆ 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿ ಬಳ್ಳಾರಿಯ ಕಾಗುಣಿತವೂ ಬೇರೆಯಾಯಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟು ತಾನೇ ತಾಲ್ಲೂಕು ಕೇಂದ್ರವಾಯಿತು. ಗಿರಾಕಿಯ ಹೆಸರಿನೊಂದಿಗೆ ಜಿಲ್ಲೆಯನ್ನೂ ಸೇರಿಸಿ ಗುರುತಿಸುವ ತಂತ್ರಾಂಶವೊಂದರಲ್ಲಿ ಹರಪನಹಳ್ಳಿಯ ಒಬ್ಬನೇ ವರ್ತಕರು ಮೂರು ಖಾತೆಗಳಾಗಿ ಕುಳಿತಿದ್ದುದನ್ನು ನಾನು ಪರಿಶೋಧನೆಯ ವೇಳೆ ಕಂಡಿದ್ದೇನೆ. ಒಂದರಲ್ಲಿ ಬಾಕಿ ಬರಬೇಕಿತ್ತು, ಇನ್ನೊಂದರಲ್ಲಿ ಜಮಾ ಇತ್ತು. ಎರಡೂ ಕಡೆಯವರು ನೆನಪೋಲೆ ಕಳಿಸಿಕೊಂಡು ಮನಸ್ತಾಪವಾಗಿತ್ತು.

ಕಾನೂನಿನ ಬದಲಾವಣೆಗಳಂತೂ ಹೇಳತೀರದು. ಇ-ಇನ್‌ವಾಯ್ಸ್ 2020ರ ಅಕ್ಟೋಬರ್‌ನಲ್ಲಿ 500 ಕೋಟಿ ವಹಿವಾಟಿನವರಿಗೆ ಬಂದಾಗ ನಮ್ಮಲ್ಲಿ ಯಾರೂ ತಲೆ ಎತ್ತಿ ನೋಡಲಿಲ್ಲ. ಮುಂದೆ ಅದು 100, 50, 20, 10 ಎಂದು ಇಳಿಯುತ್ತ 2023ರ ಆಗಸ್ಟ್ 1ರಿಂದ 5 ಕೋಟಿಗೆ ಬಂದು ನಮ್ಮ ಬಾಗಿಲು ತಟ್ಟಿತು. ಹತ್ತಿಯನ್ನು ರೈತನಿಂದ ನೇರವಾಗಿ ಕೊಳ್ಳುವ ನೋಂದಾಯಿತ ಜಿನ್ನಿಂಗ್ ಮಾಲೀಕರು 2017ರ ನವೆಂಬರ್ 15ರಿಂದ ಆ ಖರೀದಿಯ ತೆರಿಗೆಯನ್ನು ತಾವೇ ಕಟ್ಟಬೇಕಾಯಿತು. ಆದ್ದರಿಂದ ಮಾರಿದವನು ರೈತನೋ, ವರ್ತಕನೋ ಎಂಬುದು ತಂತ್ರಾಂಶಕ್ಕೆ ತಿಳಿದಿರಲೇಬೇಕು. 2022ರ ಜುಲೈ 18ರಂದು ಮೊದಲೇ ಕಟ್ಟಿ ಚೀಟಿ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟುಗಳ 25 ಕಿಲೋವರೆಗಿನ ಚೀಲಕ್ಕೆ ಶೇ. 5 ತೆರಿಗೆ ಬಂತು. ಮರುತಿಂಗಳೇ ಮಾರುಕಟ್ಟೆಯಲ್ಲಿ 26 ಕಿಲೋ ಚೀಲಗಳು ಕಂಡವು. ಮಾಲಿನ ಹೆಸರಿಗೆ ತೆರಿಗೆ ಅಂಟಿಸಿದ್ದ ತಂತ್ರಾಂಶಗಳು ಚೀಲದ ಗಾತ್ರಕ್ಕೆ ತೆರಿಗೆ ಎಂಬುದನ್ನು ಅರಗಿಸಿಕೊಳ್ಳಲಾರದೆ ತಿಣುಕಿದವು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿಯ ದರಗಳ ಹಂತಗಳೇ ಬದಲಾದವು. 2020-21ರಲ್ಲಿ ನಮ್ಮ ರಾಜ್ಯದ ಮಾರುಕಟ್ಟೆ ಶುಲ್ಕ ಶೇ. 1.5ರಿಂದ ಶೇ. 1ರ ಕೆಳಗೂ ಇಳಿದು, ಮತ್ತೆ ಏರಿ, ಮತ್ತೆ ಇಳಿದುದನ್ನು ದಲಾಲಿ ಅಂಗಡಿಗಳವರು ಮರೆತಿರಲಾರರು.

ಯಾವ ತೆರಿಗೆ ಯಾವಾಗ ಬದಲಾದೀತೆಂದು ಯಾರೂ ಬರೆಯಲಾರರು. ಆದರೆ “ಯಾವುದೇ ದರವನ್ನೂ ಮಿತಿಯನ್ನೂ ಜಾರಿಯ ದಿನಾಂಕದೊಡನೆ ನಮ್ಮ ಗುಮಾಸ್ತರೇ ನಮೂದಿಸುವಂತಿರಬೇಕು, ಹಳೆಯ ಪಟ್ಟಿಯನ್ನು ತೆರೆದರೆ ಹಳೆಯ ದರವೇ ಕಾಣಬೇಕು” ಎಂದು ಬರೆಯಬಹುದು. ದರ ಬದಲಾಯಿಸಲು ಪ್ರತಿಸಲವೂ ನಗರದವರಿಗೆ ಶುಲ್ಕ ತೆರುವವರನ್ನು ಕಂಡಾಗ ನನಗೆ ವ್ಯಥೆಯಾಗುತ್ತದೆ. ಸಣ್ಣ ಉತ್ಪಾದಕರಿಗೆ ಇನ್ನೊಂದು ಬಾಬು ಅತ್ಯಗತ್ಯ. ಆದಾಯ ತೆರಿಗೆಯ 43ಬಿ(ಎಚ್) ಎಂದು ನಾವು 2023-24ನೇ ಸಾಲಿನಿಂದ ಬಲ್ಲ ನಿಯಮದಂತೆ, ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡದ ಕೊಳ್ಳುಗನಿಗೆ ಆ ಖರ್ಚು ಹಣ ಕೊಟ್ಟ ವರ್ಷಕ್ಕಷ್ಟೇ ದಕ್ಕುತ್ತದೆ. ದಿನಗಳನ್ನು ಎಣಿಸುವುದು ಮಾಲನ್ನು ಸ್ವೀಕರಿಸಿದಂದಿನಿಂದ. ನಿಮ್ಮ ತಂತ್ರಾಂಶದಲ್ಲಿ ಬಿಲ್ಲಿನ ದಿನಾಂಕವೊಂದೇ ಇದ್ದರೆ ಈ ಲೆಕ್ಕ ಹೇಗೆ ಬಂದೀತು?

ಭಾಷೆಯ ಮಾತು ಚಿಕ್ಕದಾದರೂ ಬಿಡುವಂತಿಲ್ಲ. ರೈತನ ಪಟ್ಟಿ ಕನ್ನಡದಲ್ಲಿರಬೇಕೆಂದು ಬಹುಮಂದಿ ಹೇಳಿ ಸುಮ್ಮನಾಗುತ್ತಾರೆ. ‘ನುಡಿ’ಯ ಹಳೆಯ ಅಕ್ಷರ ವಿನ್ಯಾಸದಲ್ಲಿ ಸೇರಿಸಿಟ್ಟ ಸಾವಿರಾರು ಹೆಸರುಗಳು ಹೊಸ ತಂತ್ರಾಂಶದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡ ಅನುಭವ ನಮಗಿದೆ. ‘ಯೂನಿಕೋಡ್ ಕನ್ನಡ’ ಎಂದೇ ಬರೆಯಿರಿ. ಪಹಣಿಯಲ್ಲಿ, ಆಧಾರ್‌ನಲ್ಲಿ, ಬ್ಯಾಂಕ್ ಖಾತೆಯಲ್ಲಿ ಒಬ್ಬನದೇ ಹೆಸರು ಮೂರು ಬಗೆಯಾಗಿರುವುದುಂಟು. ಮೂರಕ್ಕೂ ಜಾಗವಿರಲಿ.

ಬರೆಯಲು ಬಾರದ ಬೇಡಿಕೆಗಳು

ಈಗ ಆ ಗುಮಾಸ್ತರ ಮಾತಿನ ಇನ್ನೊಂದು ಅರ್ಥಕ್ಕೆ ಬರುತ್ತೇನೆ. ಬೇಡಿಕೆ ಪತ್ರ ಬರೆಯಲು ಕುಳಿತಾಗ ಒಂದು ಹಂತದಲ್ಲಿ ಮಾಲೀಕರು ಧ್ವನಿ ತಗ್ಗಿಸುತ್ತಾರೆ. ತೂಕದಲ್ಲಿ ಸೂಟು ಮುರಿಯುವುದು, ರೈತನ ಪಟ್ಟಿಯಲ್ಲೇ ದಲಾಲಿ ಹಿಡಿಯುವುದು, ಕಚ್ಚಾ ಚೀಟಿಯ ವಹಿವಾಟು, ಹಿಂದಿನ ತಾರೀಖಿನ ಬಿಲ್ಲು. “ಇದಕ್ಕೂ ಒಂದು ವ್ಯವಸ್ಥೆ ಇರಲಿ, ಆದರೆ ಪತ್ರದಲ್ಲಿ ಬೇಡ” ಎನ್ನುತ್ತಾರೆ. ನಮ್ಮ ರಾಜ್ಯದ ಮಾರುಕಟ್ಟೆ ಕಾಯ್ದೆಯಂತೆ ದಲಾಲಿಯನ್ನು ಖರೀದಿದಾರರಿಂದ ಪಡೆಯಬೇಕೇ ಹೊರತು ರೈತನಿಂದಲ್ಲ. ಕಂಪನಿಗಳಾಗಿ ನೋಂದಣಿಯಾದ ಉದ್ದಿಮೆಗಳಿಗೆ 2023ರ ಏಪ್ರಿಲ್ 1ರಿಂದ, ಯಾವ ನಮೂದನ್ನು ಯಾವಾಗ ತಿದ್ದಲಾಯಿತು ಎಂಬ ಜಾಡನ್ನು ಅಳಿಸಲಾಗದಂತೆ ಉಳಿಸುವ ಲೆಕ್ಕದ ತಂತ್ರಾಂಶವೇ ಕಡ್ಡಾಯ. ನಾವು ಲೆಕ್ಕಪರಿಶೋಧಕರು ಅದರ ಬಗ್ಗೆ ವರದಿಯಲ್ಲಿ ಬರೆಯಲೇಬೇಕು.

ನಾನು ಉಪದೇಶಕನಲ್ಲ. ಆದರೆ ವ್ಯಾವಹಾರಿಕವಾದ ಒಂದು ಸಂಗತಿಯನ್ನು ಗಮನಿಸಿದ್ದೇನೆ. ಪತ್ರದಲ್ಲಿ ಬರೆಯದ ಈ ಬೇಡಿಕೆಗಳೇ ಬರೆದ ಬೇಡಿಕೆಗಳನ್ನೂ ಹಾಳುಮಾಡುತ್ತವೆ. ತೂಕ ಒಂದು, ಪಟ್ಟಿ ಒಂದು ಆದಾಗ ದಾಸ್ತಾನು ಎಂದೂ ತಾಳೆಯಾಗದು. ಆಗ ತಂತ್ರಾಂಶ ಸರಿಯಿಲ್ಲವೆಂದು ದೂರುತ್ತೇವೆ. ಆ ಗುಟ್ಟನ್ನು ಬಲ್ಲ ಹುಡುಗನೊಬ್ಬನ ಕೈಗೆ ಅಂಗಡಿಯ ಬೀಗದ ಕೈಯನ್ನು ಒಪ್ಪಿಸಿದಂತೆಯೂ ಆಗುತ್ತದೆ. ನಮ್ಮ ಗಿರಣಿಯ ಮಾಲೀಕರು ಎರಡನೆಯ ಪತ್ರ ಬರೆಯುವಾಗ ಸೂಟನ್ನು ಕೈಬಿಟ್ಟು, ತೇವ ಮತ್ತು ಕಸದ ಅಂಶವನ್ನು ರೈತನ ಎದುರಿನಲ್ಲೇ ಅಳೆದು ದರದಲ್ಲೇ ತೋರಿಸುವ ಪದ್ಧತಿಗೆ ಬಂದರು. ಒಳ್ಳೆಯತನದಿಂದಲೇ ಹಾಗೆ ಮಾಡಿದರೆಂದು ಹೇಳಲಾರೆ. ಬರೆಯಲು ಕುಳಿತಾಗ ಬೇರೆ ದಾರಿ ಕಾಣಲಿಲ್ಲ.

ಸರ್ಕಾರದ ಯೋಜನೆಗಳಲ್ಲೂ ಇದೇ ಕಾಣುತ್ತದೆ. ರಾಜ್ಯದ ‘ಭೂಮಿ’ ಯೋಜನೆ 2000ದಿಂದ 2002ರ ಅವಧಿಯಲ್ಲಿ ತಾಲ್ಲೂಕು ಕಚೇರಿಗಳಿಗೆ ಬಂದು 15 ರೂಪಾಯಿಗೆ ಪಹಣಿ ಸಿಗುವಂತಾದಾಗ ಎಲ್ಲರೂ ಯಂತ್ರವನ್ನು ಹೊಗಳಿದರು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು, ಯಾವ ಅಧಿಕಾರಿಯೂ ಸರದಿ ತಪ್ಪಿಸುವಂತಿರಬಾರದು ಎಂಬುದು ಅದರ ಬೇಡಿಕೆಗಳಲ್ಲೇ ಸೇರಿತ್ತು. ನನ್ನ ದೃಷ್ಟಿಯಲ್ಲಿ ಯಂತ್ರಕ್ಕಿಂತ ಆ ಒಂದು ಬಾಬೇ ದೊಡ್ಡದು. ಇದಕ್ಕೆ ವ್ಯತಿರಿಕ್ತವಾಗಿ 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಪ್ರತಿ ಖರೀದಿ ಬಿಲ್ಲನ್ನೂ ಕೊಳ್ಳುಗನು ತಿಂಗಳ ನಡುವೆ ಜಾಲತಾಣದಲ್ಲಿ ಒಪ್ಪಬೇಕೆಂಬ ವ್ಯವಸ್ಥೆಯನ್ನು ರೂಪಿಸಲಾಗಿತ್ತು. ಸಣ್ಣ ಊರಿನ ಅಂಗಡಿಕಾರನೊಬ್ಬನ ತಿಂಗಳು ಹೇಗೆ ಕಳೆಯುತ್ತದೆಂದು ಅದನ್ನು ರೂಪಿಸಿದವರು ಬಂದು ನೋಡಿದಂತಿರಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಜಿಎಸ್‌ಟಿಆರ್-2 ಮತ್ತು 3 ನಮೂನೆಗಳನ್ನು ಬದಿಗಿಡಲಾಯಿತು. ತಾತ್ಕಾಲಿಕವೆಂದು ಬಂದ 3ಬಿ ನಮೂನೆಯೇ ಕಾಯಂ ಆಯಿತು.

ಇಷ್ಟೆಲ್ಲ ಏಕೆ, ಸಿದ್ಧ ತಂತ್ರಾಂಶ ಸಾಲದೇ ಎಂದು ಕೇಳುವವರಿದ್ದಾರೆ. ಬಹುಪಾಲು ಕಿರಾಣಿ, ಬಟ್ಟೆ, ಕಬ್ಬಿಣದ ಅಂಗಡಿಗಳಿಗೆ ಅದೇ ಸಾಕು, ಹೆಚ್ಚು ಖರ್ಚು ಮಾಡಬೇಡಿ ಎಂದೇ ನನ್ನ ಸಲಹೆ. ನಾವೆಲ್ಲ ಬಳಸುವ ಟ್ಯಾಲಿ 1986ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ್ದು, ಗಿರಣಿಗಳಿಗೆ ಸಾಮಗ್ರಿ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಸಿಗದೆ ಮಗ ಭರತ್ ಅವರಿಂದ ಬರೆಸಿದ್ದರಿಂದ. ಬೇಕಾದುದೇನೆಂದು ಬಲ್ಲ ವರ್ತಕನೂ ಬರೆಯಬಲ್ಲ ಮಗನೂ ಒಂದೇ ಮನೆಯಲ್ಲಿದ್ದರು. ಆದರೆ ಹಡಗಲಿಯ ಮಲ್ಲಿಗೆಯ ವ್ಯಾಪಾರಿಗೆ ಬೆಳಗಿನ ಹೂವು ಸಂಜೆಗೆ ಬೆಲೆ ಕಳೆದುಕೊಳ್ಳುತ್ತದೆ, ದಾಸ್ತಾನಿನ ಉಳಿಕೆ ಎಂಬುದಕ್ಕೇ ಅವನಲ್ಲಿ ಅರ್ಥವಿಲ್ಲ. ಹುಣಸೆಹಣ್ಣು ಕೂಡಿಟ್ಟವನ ಮಾಲು ಒಣಗಿ ತೂಕ ಕಳೆದುಕೊಳ್ಳುತ್ತದೆ. ಸಿದ್ಧ ತಂತ್ರಾಂಶ ಕೊಳ್ಳುವವರೂ ಎರಡು ಪುಟ ಬರೆದುಕೊಂಡೇ ಹೋಗಲಿ. ಯಾವುದು ಅದರಲ್ಲಿ ಆಗದು, ಯಾವುದನ್ನು ಪುಸ್ತಕದಲ್ಲೇ ಇಡಬೇಕು ಎಂಬುದಾದರೂ ಮೊದಲೇ ತಿಳಿಯುತ್ತದೆ.

ನಮ್ಮ ಸಂಘಕ್ಕೆ ನನ್ನದೊಂದು ವಿನಂತಿ. ಐದು ತಾಲ್ಲೂಕುಗಳ ದಲಾಲಿ ಅಂಗಡಿಗಳ ವ್ಯವಹಾರ ಮುಕ್ಕಾಲುಪಾಲು ಒಂದೇ ಬಗೆಯದು. ಎಣ್ಣೆ ಗಿರಣಿಗಳದೂ ಹಾಗೆಯೇ. ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ತಪ್ಪು ಮಾಡಿ ಕಲಿಯುವ ಬದಲು ಸಂಘವೇ ಒಂದೊಂದು ಸಾಮಾನ್ಯ ಬೇಡಿಕೆ ಪತ್ರ ಸಿದ್ಧಪಡಿಸಿ, ಎಲ್ಲರ ಪರವಾಗಿ ದರಪಟ್ಟಿ ಕರೆಯಬಹುದು. ಆ ಪತ್ರದಲ್ಲಿ ಹಣದ ಕಂತುಗಳೂ ಇರಲಿ: ಕೊನೆಯ ಕಂತು, ಒಂದು ಪೂರ್ಣ ತಿಂಗಳು ಕೈಬರಹದ ಕಿರ್ದಿಗೆ ತಾಳೆಯಾಗಿ, ಒಂದು ಜಿಎಸ್‌ಟಿ ವಿವರಪಟ್ಟಿ ಅದರಿಂದಲೇ ಸಲ್ಲಿಕೆಯಾದ ಮೇಲೆ. ಸಂಬಂಧ ಮುರಿದ ದಿನ ನಮ್ಮ ದತ್ತಾಂಶವೆಲ್ಲ ನಮಗೆ ಓದಬಲ್ಲ ರೂಪದಲ್ಲಿ ಮರಳಬೇಕೆಂಬ ಷರತ್ತೂ ಇರಲಿ. ಪತ್ರ ಬರೆಯುವ ಸಮಿತಿಯಲ್ಲಿ ಮಾಲೀಕರಷ್ಟೇ ಸಂಖ್ಯೆಯ ಗುಮಾಸ್ತರಿರಬೇಕು, ಅವರಿಗೆ ಆ ದಿನಗಳ ಸಂಬಳವನ್ನು ಸಂಘವೇ ಕೊಡಬೇಕು. ಮಾಲೀಕರ ಎದುರು ಮಾತಾಡಲು ಅವರು ಹಿಂಜರಿಯುವುದುಂಟು. ಅಂಥಲ್ಲಿ ಮಾಲೀಕರು ಒಂದು ಗಂಟೆ ಹೊರಗೆ ಚಹಾ ಕುಡಿದು ಬರಲಿ.

ಎರಡನೆಯ ತಂತ್ರಾಂಶ ಆ ಗಿರಣಿಯಲ್ಲಿ 2019ರಿಂದ ನಡೆಯುತ್ತಿದೆ. ಎಲ್ಲವೂ ಸರಿಯಾಯಿತೆಂದೇನೂ ಅಲ್ಲ. ಹಮಾಲರ ಶನಿವಾರದ ಲೆಕ್ಕವನ್ನು ನಾವು ಪತ್ರದಲ್ಲಿ ತಪ್ಪಾಗಿ ಬರೆದಿದ್ದೆವು. ಚೀಲ ಇಳಿಸುವುದಕ್ಕೂ ನಿಟ್ಟು ಹಾಕುವುದಕ್ಕೂ ಕೂಲಿ ಬೇರೆ ಬೇರೆ ಎಂಬುದು ನಮ್ಮ ಕಿವಿಗೇ ಬಿದ್ದಿರಲಿಲ್ಲ, ಏಕೆಂದರೆ ಮೂರು ದಿನದಲ್ಲಿ ನಾವು ಒಬ್ಬ ಹಮಾಲನನ್ನೂ ಕೂರಿಸಿ ಕೇಳಿರಲಿಲ್ಲ. ಅದೊಂದು ಲೆಕ್ಕವನ್ನು ಗುಮಾಸ್ತರು ಇಂದಿಗೂ ಕೆಂಪು ಪುಸ್ತಕದಲ್ಲೇ ಬರೆಯುತ್ತಾರೆ.